ನಲ್ಲಿ ಹೊಳೆಯಿತು, ಮಾರ್ಬಲ್ ಮಂಕಾಯಿತು: ಒಂದು ಮನೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪ್ರಕರಣ

ಪ್ರಕರಣ ಇಷ್ಟು. ಒಂದು ಮನೆಯ ಬಾತ್‌ರೂಮಿನ ನಲ್ಲಿಗೆ ಬಿಳಿ ಕರೆ ಕಟ್ಟಿತ್ತು. ಮನೆಯವರು ಆಸಿಡ್ ಇರುವ ಕ್ಲೀನರ್‌ನಲ್ಲಿ ಬಟ್ಟೆ ಅದ್ದಿ, ನಲ್ಲಿಗೆ ಸುತ್ತಿ, ರಾತ್ರಿಯಿಡೀ ಹಾಗೇ ಬಿಟ್ಟರು. ಬೆಳಗ್ಗೆ ನೋಡಿದರೆ ನಲ್ಲಿ ಹೊಸದರ ಹಾಗೆ ಹೊಳೆಯುತ್ತಿತ್ತು. ಆದರೆ ಬೇಸಿನ್ ಸುತ್ತಲಿನ ಮಾರ್ಬಲ್ ಕಟ್ಟೆಯ ಮೇಲೆ ಅಂಗೈ ಅಗಲದ ಮಂಕು ಕಲೆ. ಅದರಿಂದ ಅಂಚಿನವರೆಗೆ ಹರಿದ ಒಂದು ಮಂಕು ಗೆರೆ. ಕ್ಲೀನರ್ ಬಾಟಲಿ ಇಟ್ಟಿದ್ದ ಜಾಗದಲ್ಲಿ ಒಂದು ಉಂಗುರ.

ನಲ್ಲಿಯಿಂದ ಕರಗಿ ಬಿದ್ದ ಬಿಳಿ ಕರೆಯೇ ಕಟ್ಟೆಯ ಮೇಲೆ ಒಣಗಿದೆ ಅಂತ ಅವರಿಗೆ ಅನಿಸಿತು. ಅನಿಸಿದ್ದು ಸಹಜವೇ. ನಲ್ಲಿಗೆ ಕೆಲಸ ಮಾಡಿದ್ದು ಇಲ್ಲಿಗೂ ಮಾಡುತ್ತೆ ಅಂತ ಅದೇ ಕ್ಲೀನರ್ ಸುರಿದು ಉಜ್ಜಿದರು. ಕಲೆ ಹೋಗಲಿಲ್ಲ, ಹರಡಿತು. ಟೂತ್‌ಪೇಸ್ಟ್ ಹಾಕಿ ತಿಕ್ಕಿದರು. ಆಗ ಸುತ್ತಲಿನ ಹೊಳಪೂ ಕಡಿಮೆಯಾಯಿತು. ಕೊನೆಗೆ ಬ್ಲೀಚ್ ಸುರಿಯಲು ಹೋದಾಗ ಮೂಗಿಗೆ ರಪ್ಪೆಂದು ಹೊಡೆಯುವ ವಾಸನೆ ಬಂತು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿ, ಕಿಟಕಿ ತೆರೆದು ಹೊರಗೆ ಬಂದರು.

ಆಮೇಲೆ ನನ್ನನ್ನು ಕರೆದರು. ಹೋಗಿ ನೋಡಿದರೆ ಸಮಸ್ಯೆ ಆ ಕಟ್ಟೆಯದ್ದು ಮಾತ್ರ ಆಗಿರಲಿಲ್ಲ. ಗೀಸರ್ ಪಟಪಟ ಸದ್ದು ಮಾಡುತ್ತಿತ್ತು, ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಿತ್ತು. ಶವರ್‌ನ ಅರ್ಧ ತೂತುಗಳು ಮುಚ್ಚಿಹೋಗಿದ್ದವು. ಕೆಟಲ್‌ನ ತಳದಲ್ಲಿ ಬಿಳಿ ಚಕ್ಕೆ ಕಟ್ಟಿತ್ತು. ಆ ಚಕ್ಕೆ ನೋಡಿ ಹೆದರಿದ ಮನೆಯ ಹಿರಿಯರೊಬ್ಬರು ತಮ್ಮ ಕ್ಯಾಲ್ಸಿಯಂ ಮಾತ್ರೆಯನ್ನೇ ನಿಲ್ಲಿಸಿಬಿಟ್ಟಿದ್ದರು.

ಇವೆಲ್ಲ ಬೇರೆ ಬೇರೆ ತೊಂದರೆ ಅಂತ ಮನೆಯವರು ತಿಳಿದಿದ್ದರು. ಹಾಗಲ್ಲ. ನಲ್ಲಿಯ ಕರೆ, ಗೀಸರ್‌ನ ಪದರ, ಕೆಟಲ್‌ನ ಚಕ್ಕೆ, ಮಾರ್ಬಲ್ ಕಟ್ಟೆ, ಹಿರಿಯರ ಮಾತ್ರೆ, ಅವರು ತಿಕ್ಕಿದ ಟೂತ್‌ಪೇಸ್ಟ್, ಎಲ್ಲದರಲ್ಲೂ ಇದ್ದದ್ದು ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್‌ಗೆ ನಿಮ್ಮ ಕರೆ ಯಾವುದು, ನಿಮ್ಮ ಕಟ್ಟೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತಿನ್ನುತ್ತದೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದಿದ್ದರೆ ಆ ಕಟ್ಟೆ ಉಳಿಯುತ್ತಿತ್ತು. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅದು ಏನು ಅಂತ ನೋಡಿದೆವು

ಬಿಳಿಯಾಗಿ ಗಟ್ಟಿಯಾಗಿ ಕಟ್ಟಿದ್ದೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲ. ಜಿಪ್ಸಂ ಇರಬಹುದು, ಸಿಲಿಕಾ ಇರಬಹುದು, ಬರೀ ಸೋಪಿನ ಜಿಡ್ಡು ಇರಬಹುದು. ಆದ್ದರಿಂದ ಕೆಟಲ್‌ನ ತಳದಿಂದ ಒಂದು ಚಕ್ಕೆ ಕೆರೆದು ತಟ್ಟೆಯಲ್ಲಿಟ್ಟೆವು. ಉಗುರಿನಿಂದ ಗೀರಿದರೆ ಗೀರು ಬೀಳಲಿಲ್ಲ. ಚಾಕುವಿನ ತುದಿ ತಾಗಿಸಿದರೆ ಸುಲಭವಾಗಿ ಬಿತ್ತು. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಉಗುರು ಸುಮಾರು 2.5, ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟ್‌ನ ಹರಳು ರೂಪ) 3, ಚಾಕುವಿನ ಉಕ್ಕು 5.5ರ ಆಸುಪಾಸು. ಜಿಪ್ಸಂ 2. ಅಂದರೆ ಅದು ಜಿಪ್ಸಂ ಆಗಿದ್ದರೆ ಉಗುರಿಗೇ ಸೋಲುತ್ತಿತ್ತು.

ಆಮೇಲೆ ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟೆವು. ಚಕ್ಕೆಯ ಅಂಚಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಕಿವಿ ಹತ್ತಿರ ತಂದರೆ ಸುಂಯ್ ಅನ್ನುವ ಸದ್ದು ಕೂಡ ಕೇಳಿಸಿತು. ಆ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ಆಸಿಡ್ ತಾಗಿದೊಡನೆ ಕಾರ್ಬೊನೇಟ್ ಒಡೆದು ಮೂರಾಗುತ್ತದೆ: ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಲವಣ, ನೀರು, ಮತ್ತು ಈ ಗ್ಯಾಸ್. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಕರಗಿದರೆ ಸುಮಾರು 240 ಮಿಲಿಲೀಟರ್ ಗ್ಯಾಸ್ ಬರುತ್ತದೆ. ಅಷ್ಟು ಚಿಕ್ಕ ಚಕ್ಕೆಯಿಂದ ಅಷ್ಟೊಂದು ಗುಳ್ಳೆ ಏಳುವುದು ಅದಕ್ಕೇ.

ಇನ್ನೊಂದು ಹನಿಯನ್ನು ಮಾರ್ಬಲ್ ಕಟ್ಟೆಯ ಅಡಿಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬೆರಳ ತುದಿಯಿಂದ ಹಚ್ಚಿದೆವು. ಅಲ್ಲೂ ಅದೇ ಗುಳ್ಳೆ. ಮನೆಯಾಕೆ ಒಂದು ಕ್ಷಣ ಸುಮ್ಮನಾಗಿ, "ಹಾಗಾದ್ರೆ ನಾವು ಕ್ಲೀನ್ ಮಾಡಿದ್ದಲ್ಲ, ಕಲ್ಲನ್ನೇ ಕರಗಿಸಿದ್ದು!" ಅಂದರು. ಹೌದು, ಅಷ್ಟೇ ನಡೆದದ್ದು. ಹೋಲಿಸಿ ನೋಡೋಣ ಅಂತ ಅಡುಗೆಮನೆಯ ಗ್ರಾನೈಟ್ ಮೇಲೂ ಒಂದು ಹನಿ ಹಾಕಿದೆವು. ಅಲ್ಲಿ ಏನೂ ಆಗಲಿಲ್ಲ. ಗ್ರಾನೈಟ್‌ನಲ್ಲಿ ಮುಖ್ಯವಾಗಿ ಇರುವುದು ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್, ಕಾರ್ಬೊನೇಟ್ ಅಲ್ಲ.

ಕಟ್ಟೆಯ ಮಂಕು ಜಾಗವನ್ನು ಇನ್ನೂ ಹತ್ತಿರದಿಂದ ನೋಡಿದೆವು. ಮೇಲಿನ ದೀಪ ಆರಿಸಿ, ಟಾರ್ಚನ್ನು ಕಲ್ಲಿಗೆ ಮಟ್ಟವಾಗಿ ಹಿಡಿದೆವು. ಮೇಲೆ ಏನಾದರೂ ಕೂತಿದ್ದರೆ ಅದರ ಅಂಚಿನ ನೆರಳು ಕಾಣಬೇಕಿತ್ತು, ಕಾಣಲಿಲ್ಲ. ಬೆರಳಾಡಿಸಿದರೆ ಉಬ್ಬು ಇಲ್ಲ, ಬರೀ ನವಿರಾದ ಒರಟು. ಒಂದು ಹನಿ ನೀರು ಹಾಕಿದೆವು, ಕಲೆ ಮಾಯ! ನೀರು ಒರೆಸಿ ಒಣಗಿಸಿದೆವು, ಕಲೆ ಮತ್ತೆ ಹಾಜರ್. ಮನೆಯವರಿಗೆ ಇದು ವಿಚಿತ್ರ ಅನಿಸಿತು. ಆದರೆ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಪಾಲಿಶ್ ಆದ ಮಾರ್ಬಲ್ ಬೆಳಕನ್ನು ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆಸಿಡ್ ತಾಗಿದಾಗ ಕ್ಯಾಲ್ಸೈಟ್‌ನ ಕಣಗಳು ಒಂದೇ ಸಮನಾಗಿ ಕರಗುವುದಿಲ್ಲ, ಕೆಲವು ಬೇಗ, ಕೆಲವು ನಿಧಾನ. ಹಾಗಾಗಿ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳು ಬೀಳುತ್ತವೆ, ಬೆಳಕು ಎಲ್ಲ ಕಡೆಗೂ ಚದುರುತ್ತದೆ, ನಮಗೆ ಮಂಕಾಗಿ ಕಾಣುತ್ತದೆ. ನೀರು ಆ ಗುಂಡಿಗಳನ್ನು ತುಂಬಿ ಮಟ್ಟ ಮಾಡಿದಾಗ ಹೊಳಪು ಬಂದಂತೆ ತೋರುತ್ತದೆ.

ಅಂದರೆ ಅದು ಕಲೆಯೇ ಅಲ್ಲ. ಕಲ್ಲಿನ ಮೇಲೆ ಏನೂ ಸೇರಿಲ್ಲ, ಕಲ್ಲೇ ಒಂದಿಷ್ಟು ಹೋಗಿದೆ. ಇಲ್ಲದ್ದನ್ನು ಯಾವ ಕ್ಲೀನರ್ ತಾನೇ ತೊಳೆದೀತು?

ಟೂತ್‌ಪೇಸ್ಟ್‌ನಿಂದ ಯಾಕೆ ಕೆಟ್ಟಿತು ಅನ್ನುವುದೂ ಇಲ್ಲೇ ಅರ್ಥವಾಗುತ್ತದೆ. ಅನೇಕ ಟೂತ್‌ಪೇಸ್ಟ್‌ಗಳಲ್ಲಿ ಉಜ್ಜುವ ಪುಡಿಯಾಗಿ ಇರುವುದು ನುಣ್ಣಗಿನ ಕ್ಯಾಲ್ಸಿಯಂ ಕಾರ್ಬೊನೇಟ್. ಹಲ್ಲಿನ ಎನಾಮಲ್‌ನ ಗಡಸುತನ ಸುಮಾರು 5, ಪುಡಿಯದ್ದು 3. ಹಾಗಾಗಿ ಅದು ಕೊಳೆಯನ್ನು ತೆಗೆಯುತ್ತದೆ, ಹಲ್ಲನ್ನು ಗೀರುವುದಿಲ್ಲ. ಗಾಜಿಗೂ ಇದೇ ಲೆಕ್ಕ. ಮಾರ್ಬಲ್‌ನ ಗಡಸುತನವೂ 3. ಸಮಬಲದ ಎರಡನ್ನು ತಿಕ್ಕಿದರೆ ಎರಡೂ ಸವೆಯುತ್ತವೆ. ಅವರು ಪಾಲಿಶ್ ಮಾಡಿದ ಮೈಯನ್ನು ಅದೇ ಕಲ್ಲಿನ ಪುಡಿಯಿಂದ ಉಜ್ಜಿದ್ದರು.

ಬ್ಲೀಚ್ ವಿಷಯವನ್ನು ಒತ್ತಿ ಹೇಳಬೇಕು. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ. ಬಾತ್‌ರೂಮಿನಂಥ ಚಿಕ್ಕ ಕೋಣೆಯಲ್ಲಿ ಸ್ವಲ್ಪವೇ ಸಾಕು. ಆಸಿಡ್ ಕ್ಲೀನರ್ ಬಳಸಿದ ಜಾಗಕ್ಕೆ, ಅದನ್ನು ಚೆನ್ನಾಗಿ ನೀರು ಹಾಕಿ ತೊಳೆಯದೆ, ಬ್ಲೀಚ್ ಹಾಕಲೇಬೇಡಿ. ವಾಸನೆ ಬಂತೆಂದರೆ ಮೊದಲು ಅಲ್ಲಿಂದ ಹೊರಗೆ ಬನ್ನಿ, ಉಳಿದದ್ದು ಆಮೇಲೆ.

ನೀರಿನೊಳಗೆ ಕಲ್ಲು ಹೇಗೆ ಬಂತು

ಮನೆಯ ಯಜಮಾನರು ಕೇಳಿದ ಪ್ರಶ್ನೆ ಸರಿಯಾಗಿತ್ತು. "ನಲ್ಲಿ ನೀರು ಕನ್ನಡಿ ಹಾಗೆ ತಿಳಿಯಾಗಿದೆ ಅಲ್ವಾ, ಇದರಿಂದ ಇಷ್ಟು ಕಲ್ಲು ಎಲ್ಲಿಂದ ಬರುತ್ತೆ?"

ಶುದ್ಧ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಒಂದು ಲೀಟರ್‌ಗೆ ಸುಮಾರು 15 ಮಿಲಿಗ್ರಾಂ. ಆದರೆ ಮಳೆನೀರು ಗಾಳಿಯಿಂದ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಮಣ್ಣಿನೊಳಗೆ ಇಳಿಯುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟದ್ದನ್ನು ಇನ್ನೂ ಜಾಸ್ತಿ ಹೀರುತ್ತದೆ. ಆಗ ಅದು ತುಂಬ ಸೌಮ್ಯವಾದ ಆಸಿಡ್ ಆಗುತ್ತದೆ. ಆ ನೀರು ಸುಣ್ಣದ ಕಲ್ಲಿನ ಪದರದ ಮೂಲಕ ಹಾದುಹೋದರೆ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗುತ್ತದೆ, ಲೀಟರ್‌ಗೆ ನೂರಾರು ಮಿಲಿಗ್ರಾಂವರೆಗೆ. ಕಣ್ಣಿಗೆ ಏನೂ ಕಾಣುವುದಿಲ್ಲ. ನಾವು ಗಡಸು ನೀರು ಅನ್ನುವುದು ಇದನ್ನೇ. ಇದರ ಜೊತೆ ಮೆಗ್ನೀಸಿಯಂ ಕೂಡ ಇರುತ್ತದೆ.

ಈ ಬೈಕಾರ್ಬೊನೇಟ್ ನೀರಿನಲ್ಲಿ ಮಾತ್ರ ಇರಬಲ್ಲದು, ಒಣಗಿಸಿ ಪುಡಿ ಮಾಡಿ ಡಬ್ಬಿಗೆ ಹಾಕಲಾಗದು. ಕಾರ್ಬನ್ ಡೈಆಕ್ಸೈಡ್ ನೀರಿನಿಂದ ತಪ್ಪಿಸಿಕೊಂಡೊಡನೆ ಅದು ಮತ್ತೆ ಕಾರ್ಬೊನೇಟ್ ಆಗಿ ಕಲ್ಲಾಗುತ್ತದೆ. ಗುಹೆಯ ಚಾವಣಿಯಿಂದ ಹನಿ ತೊಟ್ಟಿಕ್ಕುವಾಗ ಗ್ಯಾಸ್ ನಿಧಾನವಾಗಿ ಹೊರಹೋಗಿ ಕಲ್ಲಿನ ಕೋಲುಗಳು ಬೆಳೆಯುತ್ತವೆ, ಅದಕ್ಕೆ ಸಾವಿರಾರು ವರ್ಷ ಬೇಕು. ಗೀಸರ್‌ನಲ್ಲಿ ಬಿಸಿ ತಾಗಿ ಗ್ಯಾಸ್ ಬೇಗ ಹೋಗುತ್ತದೆ. ಅದರ ಮೇಲೆ ಇನ್ನೊಂದು ವಿಶೇಷ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ತಣ್ಣೀರಿಗಿಂತ ಬಿಸಿ ನೀರಿನಲ್ಲಿ ಕಡಿಮೆ ಕರಗುತ್ತದೆ. ಹಾಗಾಗಿ ನೀರಿನಲ್ಲಿ ಎಲ್ಲಕ್ಕಿಂತ ಬಿಸಿಯಾಗಿರುವ ಜಾಗ ಯಾವುದೋ, ಅಂದರೆ ಕಾಯಿಲ್‌ನ ಮೈ, ಅಲ್ಲಿಗೇ ಹೋಗಿ ಅಂಟುತ್ತದೆ.

ಪರೀಕ್ಷೆಯ ಪಟ್ಟಿಯನ್ನು ನೀರಿನಲ್ಲಿ ಅದ್ದಿ ನೋಡಿದಾಗ ಬಣ್ಣ ಕೊನೆಯ ಮನೆಗೆ ಹೋಗಿತ್ತು. ಗಡಸುತನವನ್ನು ಲೀಟರ್‌ಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಹೇಳುವುದು ವಾಡಿಕೆ. 60ರವರೆಗೆ ಮೆದು ನೀರು, 180 ದಾಟಿದರೆ ತುಂಬ ಗಡಸು. ಒಂದು ಲೆಕ್ಕ ಹಾಕಿ ತೋರಿಸಿದೆ. ಲೀಟರ್‌ಗೆ 300 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ, ಅದರಲ್ಲಿ ಐದನೇ ಒಂದು ಭಾಗ ಮಾತ್ರ ಕಲ್ಲಾಯಿತು ಅಂದುಕೊಂಡರೂ ದಿನಕ್ಕೆ 6 ಗ್ರಾಂ. ವರ್ಷಕ್ಕೆ ಎರಡು ಕಿಲೋಗಿಂತ ಜಾಸ್ತಿ. ಒಂದೇ ಒಂದು ಗೀಸರ್‌ನೊಳಗೆ!

ಗೀಸರ್ ಬಿಚ್ಚಿದಾಗ

ಪ್ಲಂಬರ್ ಬಂದು ಕರೆಂಟ್ ಆಫ್ ಮಾಡಿ, ನೀರು ಖಾಲಿ ಮಾಡಿ, ತಳದ ಮುಚ್ಚಳ ಬಿಚ್ಚಿದರು. ಕಾಯಿಲ್ ಕಾಣಲೇ ಇಲ್ಲ. ಅದರ ಸುತ್ತ ಹೆಬ್ಬೆರಳ ದಪ್ಪಕ್ಕೆ ಬೂದು ಬಿಳಿ ಪದರ. ತಳದಲ್ಲಿ ಬಿದ್ದ ಚಕ್ಕೆಗಳನ್ನು ಬೊಗಸೆಯಲ್ಲಿ ಎತ್ತಿ ಬಕೆಟ್‌ಗೆ ಹಾಕಬೇಕಾಯಿತು. ಒಂದು ಚಕ್ಕೆಯನ್ನು ಮುರಿದು ನೋಡಿದರೆ ಒಳಗೆ ಪದರದ ಮೇಲೆ ಪದರ, ಕೆಲವು ತೆಳು, ಕೆಲವು ದಪ್ಪ. ಕಾಯಿಲ್‌ಗೆ ತಾಗಿದ್ದ ಮೈ ನುಣುಪಾಗಿ ಅದರ ಅಚ್ಚನ್ನೇ ಹಿಡಿದಿತ್ತು. ನೀರಿನ ಕಡೆಯ ಮೈ ಮಾತ್ರ ತೂತುತೂತಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು.

ಪಟಪಟ ಸದ್ದಿಗೆ ಕಾರಣ ಇದೇ. ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಕುದಿದು ಆವಿಯಾಗಿ, ಪದರವನ್ನು ಒದ್ದುಕೊಂಡು ಹೊರಬರುತ್ತದೆ. ಈ ಕಲ್ಲು ಶಾಖವನ್ನು ದಾಟಿಸುವುದೂ ಕಡಿಮೆ, ತಾಮ್ರದ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕಾಯಿಲ್ ಒಳಗೆ ಕೆಂಪಗೆ ಕಾಯುತ್ತಿದ್ದರೂ ನೀರಿಗೆ ಶಾಖ ತಡವಾಗಿ ಮುಟ್ಟುತ್ತದೆ. ಕೊನೆಗೊಂದು ದಿನ ಕಾಯಿಲ್ ಸುಟ್ಟುಹೋಗುತ್ತದೆ. ಇವರದ್ದು ಇನ್ನೂ ಸುಟ್ಟಿರಲಿಲ್ಲ.

"ವಿನೆಗರ್ ತುಂಬಿಸಿಟ್ಟರೆ ಆಗಲ್ವಾ?" ಅಂತ ಕೇಳಿದರು. ಲೆಕ್ಕ ನೋಡಿ. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿಸಲು 5 ಶೇಕಡಾ ವಿನೆಗರ್ ಸುಮಾರು 24 ಮಿಲಿಲೀಟರ್ ಬೇಕು. ಒಂದು ಕಿಲೋಗೆ 24 ಲೀಟರ್! ಅದರ ಬದಲು ಜೋರಾದ ಆಸಿಡ್ ಹಾಕಿದರೆ ಕಲ್ಲಿನ ಜೊತೆ ಟ್ಯಾಂಕಿನ ಲೋಹವನ್ನೂ ಅದು ಬಿಡುವುದಿಲ್ಲ. ಹೀಗಾಗಿ ದಪ್ಪ ಪದರಕ್ಕೆ ಕೈಯಿಂದ ಬಿಡಿಸುವುದೇ ಸರಿ. ಮರದ ಚೂಪು ತುಂಡಿನಿಂದ ಒತ್ತಿ ಎಬ್ಬಿಸಿದರು, ಉಳಿದ ತೆಳು ಪದರಕ್ಕೆ ಮಾತ್ರ ಸಿಟ್ರಿಕ್ ಆಸಿಡ್ ನೀರು ಬಳಸಿದರು. ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವ ಮೆಗ್ನೀಸಿಯಂ ಕೋಲು ಕೂಡ ಸವೆದು ಕಡ್ಡಿಯಾಗಿತ್ತು, ಹೇಗೂ ಬಿಚ್ಚಿದ್ದಾಯಿತಲ್ಲ ಅಂತ ಅದನ್ನೂ ಬದಲಿಸಿದರು.

ಗೀಸರ್‌ನ ಗುಂಡಿ ಕೊನೆಯವರೆಗೆ ತಿರುಗಿಸಿಟ್ಟಿತ್ತು. ಅದನ್ನು 60 ಡಿಗ್ರಿ ಸುತ್ತಮುತ್ತ ಇಟ್ಟೆವು. ಬಿಸಿ ಹೆಚ್ಚಿದಷ್ಟೂ ಕಲ್ಲು ಬೇಗ ಕಟ್ಟುತ್ತದೆ. ಹಾಗಂತ ತೀರಾ ಇಳಿಸಲೂ ಬಾರದು, ಟ್ಯಾಂಕಿನಲ್ಲಿ ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು.

ಮಾತ್ರೆ ನಿಲ್ಲಿಸಿದ ಹಿರಿಯರು

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಟ್ಟೆಯಲ್ಲ, ಇದು. ಮನೆಯಾಕೆಯ ಅತ್ತೆಗೆ ಮೂಳೆ ಸವೆತ. ಡಾಕ್ಟರ್ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರು. ಕೆಟಲ್‌ನ ಚಕ್ಕೆ ನೋಡಿ, ಮಾತ್ರೆಯ ಡಬ್ಬಿಯ ಮೇಲೂ ಅದೇ ಹೆಸರು ಓದಿ, ಇದು ಹೊಟ್ಟೆಯಲ್ಲೂ ಹೀಗೇ ಕಟ್ಟುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ಅವರು ನಿಲ್ಲಿಸಿದ್ದರು. ಯಾರಿಗೂ ಹೇಳಿರಲಿಲ್ಲ.

ಅವರ ಎದುರು ಕೂತು ನಿಧಾನವಾಗಿ ಮಾತಾಡಿದೆ. "ಅಮ್ಮಾ, ಬೆಳಗ್ಗೆ ಆ ಚಕ್ಕೆ ಮೇಲೆ ವಿನೆಗರ್ ಹಾಕಿದಾಗ ಗುಳ್ಳೆ ಬಂತಲ್ಲ, ನೋಡಿದಿರಿ ಅಲ್ವಾ? ಹೊಟ್ಟೆಯಲ್ಲಿ ಇರೋದು ಅದಕ್ಕಿಂತ ಎಷ್ಟೋ ಜೋರಾದ ಆಸಿಡ್. ಮಾತ್ರೆ ಅಲ್ಲಿ ಹೀಗೇ ಕರಗಿಹೋಗುತ್ತೆ, ಕಲ್ಲಾಗಿ ಕೂರಲ್ಲ" ಅಂದೆ. ಎದೆಯುರಿಗೆ ಜಗಿಯುವ ಎಷ್ಟೋ ಮಾತ್ರೆಗಳಲ್ಲಿ ಇರುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಲ್ಲಿ ಆಸಿಡ್ ಅನ್ನು ತಣಿಸುವುದೇ ಅದರ ಕೆಲಸ. ತಿಂದ ಮೇಲೆ ತೇಗು ಬರುವುದು ಆ ಗ್ಯಾಸ್‌ನಿಂದ, 500 ಮಿಲಿಗ್ರಾಂನ ಒಂದು ಮಾತ್ರೆ ಪೂರ್ತಿ ಕರಗಿದರೆ 100 ಮಿಲಿಲೀಟರ್‌ಗಿಂತ ಹೆಚ್ಚು ಗ್ಯಾಸ್.

ಕಿಡ್ನಿ ಕಲ್ಲಿನ ಭಯಕ್ಕೂ ಉತ್ತರ ಹೇಳಬೇಕಿತ್ತು. ಕಿಡ್ನಿಯಲ್ಲಿ ಆಗುವ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಕೆಟಲ್‌ನ ಕಲ್ಲಿನ ಜಾತಿಯೇ ಬೇರೆ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಗಡಸು ನೀರು ಕುಡಿಯುವುದರಿಂದ ಆರೋಗ್ಯ ಕೆಡುತ್ತದೆ ಅನ್ನುವುದಕ್ಕೆ ಒಪ್ಪುವಂಥ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಮೊದಲೇ ಕಿಡ್ನಿ ಕಲ್ಲು ಆಗಿದ್ದವರು ಮಾತ್ರೆಯ ಬಗ್ಗೆ ಡಾಕ್ಟರನ್ನೇ ಕೇಳಬೇಕು, ಅದು ಬೇರೆ ಮಾತು.

ಮಾತ್ರೆಗಳ ಡಬ್ಬಿ ನೋಡುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅತ್ತೆಯವರು ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಗ್ಗೆ ಒಟ್ಟಿಗೆ, ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದರು. ಇದು ನಿಜವಾದ ತೊಂದರೆ! ಕ್ಯಾಲ್ಸಿಯಂ ಥೈರಾಯ್ಡ್ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಎರಡರ ನಡುವೆ ಕನಿಷ್ಠ 4 ಗಂಟೆ ಅಂತರ ಇರಬೇಕು. ಕಬ್ಬಿಣದ ಮಾತ್ರೆ, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದ ಆಂಟಿಬಯಾಟಿಕ್‌ಗಳ ಜೊತೆಯೂ ಹೀಗೇ ಜಗಳ. ಕಾರ್ಬೊನೇಟ್ ಕರಗಲು ಆಸಿಡ್ ಬೇಕು, ಹಾಗಾಗಿ ಖಾಲಿ ಹೊಟ್ಟೆಗಿಂತ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಸೇರುತ್ತದೆ. ಆಸಿಡ್ ತಗ್ಗಿಸುವ ಮಾತ್ರೆಯನ್ನು ದಿನವೂ ನುಂಗುವವರಿಗೆ ಕಾರ್ಬೊನೇಟ್ ಬದಲು ಕ್ಯಾಲ್ಸಿಯಂ ಸಿಟ್ರೇಟ್ ಬರೆಯುವುದೂ ಇದಕ್ಕೇ.

ಲೆಕ್ಕದ ಬಗ್ಗೆಯೂ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೊನೇಟ್‌ನ ತೂಕದಲ್ಲಿ ಕ್ಯಾಲ್ಸಿಯಂ ಇರುವುದು 40 ಶೇಕಡಾ. 1250 ಮಿಲಿಗ್ರಾಂನ ಮಾತ್ರೆಯಲ್ಲಿ ಸಿಗುವ ಕ್ಯಾಲ್ಸಿಯಂ 500 ಮಿಲಿಗ್ರಾಂ. ಡಬ್ಬಿಯ ಮೇಲಿನ ಯಾವ ಅಂಕಿ ಯಾವುದರದ್ದು ಅಂತ ನೋಡಿಕೊಳ್ಳಬೇಕು. ಜಾಸ್ತಿ ತಿಂದರೆ ಜಾಸ್ತಿ ಒಳ್ಳೆಯದು ಅಂತಲೂ ಇಲ್ಲ, ಒಂದು ಸಲಕ್ಕೆ 500ಕ್ಕಿಂತ ಹೆಚ್ಚಿದ್ದರೆ ಮೈ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ.

ಇದನ್ನೆಲ್ಲ ನಾನು ವಿವರಿಸಿದೆ, ಆದರೆ ಮತ್ತೆ ಶುರುಮಾಡುವ ಮಾತನ್ನು ಡಾಕ್ಟರಿಗೇ ಬಿಟ್ಟೆ. ಅತ್ತೆಯವರು ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದರು. ಥೈರಾಯ್ಡ್ ಮಾತ್ರೆ ಬೆಳಗ್ಗೆ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ ಅಂತ ಡಾಕ್ಟರ್ ಹೇಳಿದರಂತೆ.

ಆಸಿಡ್ ತಿನ್ನಲಿ ಅಂತಲೇ ಇಡುವ ಜಾಗಗಳು

ಒಂದು ಕಡೆ ಹಾನಿಯಾಗಿ ಕಾಣುವ ಗುಣವೇ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. ಹೊಟ್ಟೆಯ ಮಾತ್ರೆಯನ್ನು ಆಗಲೇ ನೋಡಿದಿರಿ. ಕಾಗದ ಇನ್ನೊಂದು. ಹಳೆಯ ಪುಸ್ತಕಗಳ ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುವುದಕ್ಕೆ ಮುಖ್ಯ ಕಾರಣ ಕಾಗದದೊಳಗೇ ಉಳಿದ ಆಸಿಡ್. ಮೊದಲು ಕಾಗದಕ್ಕೆ ಆಲಂ ಮತ್ತು ರಾಳ ಹಾಕುತ್ತಿದ್ದರು, ಅದರಿಂದ ಬರುತ್ತಿತ್ತು. 1980ರ ದಶಕದಿಂದೀಚೆಗೆ ಹೆಚ್ಚು ಹೆಚ್ಚು ಕಾರ್ಖಾನೆಗಳು ಆ ವಿಧಾನ ಬಿಟ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿಸುವ ವಿಧಾನಕ್ಕೆ ಬಂದವು. ಅದು ಕಾಗದವನ್ನು ಬೆಳ್ಳಗೆ ಮಾಡುತ್ತದೆ, ಮುಂದೆ ಹುಟ್ಟುವ ಆಸಿಡನ್ನೂ ತಾನೇ ಮೇಲೆಳೆದುಕೊಂಡು ನಾರನ್ನು ಕಾಪಾಡುತ್ತದೆ. ಹುಳಿ ಹಿಡಿದ ಹೊಲಕ್ಕೆ ಸುಣ್ಣದ ಕಲ್ಲಿನ ಪುಡಿ ಹಾಕುವುದೂ ಇದೇ ತತ್ವದ ಮೇಲೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಹೊಗೆಯಿಂದ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಸುಣ್ಣದ ಕಲ್ಲಿನ ನೀರನ್ನು ಸಿಂಪಡಿಸುತ್ತಾರೆ, ಕೊನೆಗೆ ಸಿಗುವುದು ಜಿಪ್ಸಂ. ಅದೇ ಅನಿಲ ಮಳೆಯಲ್ಲಿ ಕರಗಿ ಬಿದ್ದರೆ ಮಾರ್ಬಲ್ ಶಿಲ್ಪಗಳ ಮೂಗು ಕಿವಿ ಕರಗುತ್ತವೆ.

ಪಿವಿಸಿ ಪೈಪ್, ಪೇಂಟ್‌ಗಳಲ್ಲೂ ಇದನ್ನು ತುಂಬಿಸುತ್ತಾರೆ. ಅಲ್ಲಿ ಬೇಕಿರುವುದು ಬಿಳುಪು, ಗಟ್ಟಿತನ ಮತ್ತು ಕಡಿಮೆ ಖರ್ಚು, ಅಷ್ಟೇ.

ಕೊನೆಗೆ ಮಾಡಿದ್ದು

ಕೆಟಲ್‌ಗೆ ಸಿಟ್ರಿಕ್ ಆಸಿಡ್ ಬೆರೆಸಿದ ಉಗುರುಬೆಚ್ಚನೆಯ ನೀರು. ಕುದಿಸಬಾರದು, ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಬೇರೆಯೇ ಒಂದು ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಮತ್ತೆ ಅದನ್ನು ತೆಗೆಯುವ ಕೆಲಸ. ಶವರ್ ತಲೆಯನ್ನು ಬಿಚ್ಚಿ ಬಕೆಟ್‌ನಲ್ಲಿ ಇದೇ ನೀರಿಗೆ ಹಾಕಿದೆವು. ಬಿಚ್ಚಿ ಹಾಕುವುದು ಮುಖ್ಯ, ನೇತಾಡುತ್ತಿರುವಾಗಲೇ ಹಚ್ಚಿದರೆ ಕೆಳಗಿನ ಕಲ್ಲಿಗೆ ತೊಟ್ಟಿಕ್ಕುತ್ತದೆ. ಬಿಚ್ಚಲಾಗದ ನಲ್ಲಿಗೆ ಬಟ್ಟೆ ಸುತ್ತಲೇಬೇಕಿದ್ದರೆ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಅಡುಗೆ ಸೋಡಾ ಬೆರೆಸಿದ ಒದ್ದೆ ಬಟ್ಟೆ ಹಾಸಿ, ಅರ್ಧ ಗಂಟೆಗಿಂತ ಹೆಚ್ಚು ಬಿಡದೆ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಲೇಪವೂ ಕೆಡಬಹುದು. ಆ ನಲ್ಲಿಯ ಬುಡದಲ್ಲಿ ಲೇಪ ಎದ್ದು ಹಿತ್ತಾಳೆ ಆಗಲೇ ಇಣುಕುತ್ತಿತ್ತು.

ಗಡಸು ನೀರಿಗೆ ಸಾಫ್ಟ್‌ನರ್ ಹಾಕಿಸಬೇಕೇ ಅಂತ ಚರ್ಚೆ ಆಯಿತು. ಹಿಂದೆ ಇದಕ್ಕೆ ಒಂದು ಸೊಗಸಾದ ಉಪಾಯ ಇತ್ತು. 1841ರಲ್ಲಿ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞರು ಪೇಟೆಂಟ್ ಪಡೆದ ವಿಧಾನ ಅದು. ಗಡಸು ನೀರಿಗೆ ಲೆಕ್ಕ ಹಾಕಿ ಅರಳಿದ ಸುಣ್ಣ ಬೆರೆಸಿದರೆ, ಅದು ಬೈಕಾರ್ಬೊನೇಟ್ ಜೊತೆ ಕೂಡಿ ಹಾಕಿದ ಸುಣ್ಣವೂ ನೀರಲ್ಲಿದ್ದ ಸುಣ್ಣವೂ ಎರಡೂ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತವೆ. ಸುಣ್ಣ ಹಾಕಿ ಸುಣ್ಣ ತೆಗೆಯುವುದು! ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಇದು ಈಗಲೂ ನಡೆಯುತ್ತದೆ. ಮನೆಗಳಿಗೆ ಬರುವ ಸಾಫ್ಟ್‌ನರ್ ಬೇರೆ ರೀತಿ ಕೆಲಸ ಮಾಡುತ್ತದೆ, ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಗಡಸುತನ 100 ಮಿಲಿಗ್ರಾಂ ಇಳಿದಾಗೆಲ್ಲ ಲೀಟರ್‌ಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಅತ್ತೆಯವರಿಗೆ ಬಿಪಿ ಇತ್ತು. ಹಾಗಾಗಿ ಗೀಸರ್ ಮತ್ತು ಬಾತ್‌ರೂಮಿನ ಲೈನಿಗೆ ಮಾತ್ರ ಸಾಫ್ಟ್‌ನರ್, ಕುಡಿಯುವ ನಲ್ಲಿಗೆ ಮೊದಲಿನ ನೀರೇ ಅಂತ ನಿರ್ಧಾರವಾಯಿತು. ನನಗೂ ಅದೇ ಸರಿ ಅನಿಸಿತು. ಕುಡಿಯುವ ನೀರಿನ ಕ್ಯಾಲ್ಸಿಯಂ ಸುಮ್ನೆ ಕಳೆದುಕೊಳ್ಳುವುದು ಯಾಕೆ?

ಇನ್ನು ಕಟ್ಟೆ. ಕಲ್ಲು ಪಾಲಿಶ್ ಮಾಡುವವರು ಬಂದು ಬೆರಳಾಡಿಸಿ ನೋಡಿ, ನಾವು ನೋಡಿದ್ದನ್ನೇ ಹೇಳಿದರು. ವಜ್ರದ ಪುಡಿ ಕೂರಿಸಿದ ಪ್ಯಾಡ್‌ಗಳಿಂದ, ಮೊದಲು ಒರಟು, ಆಮೇಲೆ ನಯ, ಇನ್ನೂ ನಯ ಅಂತ ನೀರು ಹಾಕುತ್ತಾ ಉಜ್ಜಿದರು. ಗುಂಡಿಗಳನ್ನು ತುಂಬುವ ದಾರಿ ಇಲ್ಲ, ಸುತ್ತಲಿನ ಕಲ್ಲನ್ನು ಅವುಗಳ ತಳದ ಮಟ್ಟಕ್ಕೆ ಇಳಿಸಬೇಕು ಅಷ್ಟೇ. ಕೊನೆಯ ಹೊಳಪಿಗೆ ಬಳಸಿದ ಪುಡಿಯಲ್ಲಿ ಆಕ್ಸಾಲಿಕ್ ಆಸಿಡ್ ಇತ್ತು. ಆಸಿಡ್‌ನಿಂದ ಕೆಟ್ಟದ್ದಕ್ಕೆ ಮತ್ತೆ ಆಸಿಡ್ಡೇ ಅಂತ ಯಜಮಾನರು ಗಾಬರಿಯಾದರು. ಆದರೆ ಇದು ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ, ಕಲ್ಲಿನ ಮೈಮೇಲೆ ತೆಳುವಾಗಿ ಕೂತು ಹೊಳಪಿಗೆ ನೆರವಾಗುತ್ತದೆ. ಕೈ ಪಳಗಿದವರು ಮಾಡಬೇಕಾದ ಕೆಲಸ, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ.

ಸೀಲರ್ ಹಚ್ಚಿಸಿದರೆ ಮುಂದೆ ಚಿಂತೆ ಇಲ್ಲ ಅಲ್ವಾ ಅಂತ ಕೇಳಿದರು. ಸೀಲರ್ ಕಲ್ಲಿನ ರಂಧ್ರಗಳಿಗೆ ಎಣ್ಣೆ, ಬಣ್ಣ ಇಳಿಯದಂತೆ ತಡೆಯುತ್ತದೆ. ಮೇಲ್ಮೈಗೆ ಆಸಿಡ್ ತಾಗಿದರೆ ಅದು ಕಾಯುವುದಿಲ್ಲ. ವಿನೆಗರ್, ನಿಂಬೆರಸ, ಟಾಯ್ಲೆಟ್ ಕ್ಲೀನರ್ ಯಾವುದೇ ಬೀಳಲಿ, ತಕ್ಷಣ ನೀರು ಹಾಕಿ ಒರೆಸಬೇಕು. ದಿನದ ಶುಚಿಗೆ ಆಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ ಸೋಪಿನ ನೀರು ಸಾಕು.

ಅಂಗೈ ಅಗಲದ ಮಂಕು, ಹರಿದ ಗೆರೆ ಎರಡೂ ಹೋದವು. ಬಾಟಲಿ ಇಟ್ಟಿದ್ದ ಉಂಗುರ ಮಾತ್ರ ಉಳಿದಿದೆ, ಅಲ್ಲಿ ಆಸಿಡ್ ಹೆಚ್ಚು ಹೊತ್ತು ನಿಂತು ಆಳಕ್ಕೆ ಹೋಗಿತ್ತು. ಅದನ್ನು ತೆಗೆಯಬೇಕಿದ್ದರೆ ಇಡೀ ಕಟ್ಟೆಯನ್ನು ಯಂತ್ರದಿಂದ ಇಳಿಸಬೇಕು, ಇಲ್ಲದಿದ್ದರೆ ಅಲ್ಲಿ ಒಂದು ತಗ್ಗು ಕಾಣುತ್ತದೆ. ಸದ್ಯಕ್ಕೆ ಬೇಡ ಅಂತ ಮನೆಯವರು ಬಿಟ್ಟಿದ್ದಾರೆ. ಆಸಿಡ್ ಕ್ಲೀನರ್ ಬಾಟಲಿ ಈಗ ಅಡುಗೆಮನೆಯ ಗ್ರಾನೈಟ್ ಕೆಳಗಿನ ಕಪಾಟಿನಲ್ಲಿದೆ, ಬ್ಲೀಚ್ ಬೇರೆ ಕೋಣೆಯಲ್ಲಿ.